ಟ್ರಾನ್ಸ್‌ಫರ್ ಲಾಭವೋ ನಷ್ಟವೋ, ಅಭಿಮಾನಿ ಅಳೆಯೋದು ಹ್ಯಾಂಗ?

ವಾಸ್ಕೋ ಬೈನಾ:
ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನಾಗ 2020ರಾಗ ನಮ್ಮ ಕೋಚ್ ಆಗಿದ್ದ ಲೊಬೆರಾ ಮುಂಬೈ ಸಿಟಿಗೆ ಹೋದ್ರು. ಬೂಮೂಸ್, ಫಾಲ್, ಜಾಹು, ಮಂದಾರ್ ದೇಸಾಯಿ ನಾಲ್ಕೂ ಮಂದಿ ನಮ್ಮ ಎಫ್‌ಸಿ ಗೋವಾ ಬಿಟ್ಟು ಅಲ್ಲಿಗೇ ಸೇರಿದ್ರು. ಸ್ಟ್ರೈಕರ್ ಕೋರೊನೂ ಹೋದ. ಆ ಜಾಗಕ್ಕ ಬಂದ ಇಗೋರ್ ಆಂಗುಲೊ 14 ಗೋಲು ಹೊಡೆದು ಗೋಲ್ಡನ್ ಬೂಟ್ (ಸೀಸನ್ನಿನ ಅತಿ ಹೆಚ್ಚು ಗೋಲಿನ ಪ್ರಶಸ್ತಿ) ತಗೊಂಡ, ಒಂದೇ ಸೀಸನ್ನಿಗೆ ಅವನೂ ಮುಂಬೈಗೆ ನಡೆದ. ಇಂಥದ್ದನ್ನ ಗೆದ್ದ ಖರೀದಿ ಅನ್ನಬೇಕೋ, ಸೋತದ್ದು ಅನ್ನಬೇಕೋ? ಗೋಲು ಬಿಟ್ಟು ಮತ್ತೇನು ನೋಡಬೇಕು ಹೇಳ್ರಿ.

ಮಾಟುಂಗಾ ವಿಂಗರ್:
ಆಟಗಾರ ಸಹಿ ಹಾಕಿದ ದಿನವೇ ಮೂರು ವಿಷಯ ಬರೆದಿಟ್ಟುಕೊಳ್ಳಿ: ಯಾವ ಜಾಗಕ್ಕೆ ಬಂದ, ಯಾರ ಬದಲಿಗೆ, ಎಷ್ಟು ವರ್ಷದ ಕರಾರು. ಸೀಸನ್ ಮುಗಿದ ಮೇಲೆ ಮಾನದಂಡ ಹುಡುಕಲು ಹೋದರೆ ನಮಗೆ ಬೇಕಾದ ಉತ್ತರವೇ ಸಿಗುತ್ತದೆ.

ಆಮೇಲೆ ನಿಮಿಷಗಳ ಲೆಕ್ಕ. 20 ಪಂದ್ಯದ ಲೀಗ್ ಅಂದರೆ 1800 ನಿಮಿಷ. ವಿದೇಶಿ ಆಟಗಾರ ಅದರಲ್ಲಿ 1100 ಕೂಡ ಆಡದಿದ್ದರೆ, ಎಷ್ಟೇ ಚೆಂದ ಆಡಿರಲಿ, ನಾನು ಅದನ್ನು ಒಳ್ಳೆಯ ಖರೀದಿ ಎನ್ನುವುದಿಲ್ಲ. 2021-22ರಿಂದ ಮೈದಾನದಲ್ಲಿ ಒಮ್ಮೆಗೆ ನಾಲ್ವರೇ ವಿದೇಶಿಯರು. ಗಾಯಗೊಂಡು ಕೂತವನು ತಂಡದ ಪಟ್ಟಿಯಲ್ಲಿ ಒಂದು ಜಾಗ ತಿನ್ನುತ್ತಾನೆ, ಜನವರಿ ವಿಂಡೋ (ಆಟಗಾರರನ್ನು ಸೇರಿಸಿಕೊಳ್ಳಲು ಬಿಡುವ ಅವಧಿ) ತೆರೆಯುವವರೆಗೆ ಕೋಚ್ ಕೈ ಕಟ್ಟಿಹಾಕಿದ ಹಾಗೆ.

ಗೋಲು ಎಣಿಸುವಾಗ ಪೆನಾಲ್ಟಿ ತೆಗೆದುಬಿಡಿ. 9 ಗೋಲಿನಲ್ಲಿ 2 ಪೆನಾಲ್ಟಿ, ಆಡಿದ್ದು 1260 ನಿಮಿಷ ಅಂತಿಟ್ಟುಕೊಳ್ಳಿ. 7 × 90 ÷ 1260 = 0.5, ಅಂದರೆ ಎರಡು ಪಂದ್ಯಕ್ಕೊಂದು ಗೋಲು. ನಿಮಿಷದ ಬೆಲೆ ಎಷ್ಟೆಂಬುದಕ್ಕೆ ಆಂಗುಲೊನೇ ಸಾಕ್ಷಿ: ಅದೇ ಸೀಸನ್‌ನಲ್ಲಿ ಎಟಿಕೆ ಮೋಹನ್ ಬಗಾನ್ ಕ್ಲಬ್‌ನ ರಾಯ್ ಕೃಷ್ಣ ಕೂಡ 14 ಹೊಡೆದಿದ್ದರು, ಕಡಿಮೆ ನಿಮಿಷದಲ್ಲಿ ಹೊಡೆದದ್ದಕ್ಕೇ ಬೂಟ್ ಆಂಗುಲೊಗೆ ಹೋಯಿತು.

ಪುಣೆ ಕೋಥ್ರುಡ್:
ದುಡ್ಡಿನ ಭಾಗ ನಾನು ಹೇಳುತ್ತೇನೆ. ಯುರೋಪಿನಲ್ಲಿ ಖರೀದಿ ಮೊತ್ತವನ್ನು ಕರಾರಿನ ವರ್ಷಗಳಿಗೆ ಹಂಚಿ ಖರ್ಚು ಬರೆಯುತ್ತಾರೆ. 5 ವರ್ಷಕ್ಕೆ 100 ಕೋಟಿ ಕೊಟ್ಟರೆ ವರ್ಷಕ್ಕೆ 20. ಎರಡು ವರ್ಷವಾದ ಮೇಲೆ ಲೆಕ್ಕಪುಸ್ತಕದಲ್ಲಿ ಉಳಿಯುವುದು 60. ಆಗ 50ಕ್ಕೆ ಮಾರಿದರೆ ಪುಸ್ತಕದಲ್ಲಿ ನಷ್ಟ 10 ಕೋಟಿ ಮಾತ್ರ, "ಅರ್ಧಕ್ಕರ್ಧ ಮುಳುಗಿತು" ಎಂದು ಕೂಗುವ ಹಾಗಿಲ್ಲ. ಆದರೆ ಸಂಬಳ ಇದರಲ್ಲಿಲ್ಲ, ಅದನ್ನು ಬೇರೆಯೇ ಕೂಡಿಸಬೇಕು. ಫ್ರೀ ಟ್ರಾನ್ಸ್‌ಫರ್ (ಹಳೆಯ ಕ್ಲಬ್‌ಗೆ ಖರೀದಿ ಮೊತ್ತ ಕೊಡದೆ ತರುವುದು) ಎಂದರೆ ಪುಕ್ಕಟೆ ಎಂದು ತಿಳಿಯುವವರು ಎಡವುವುದು ಇಲ್ಲೇ. ನಿಜವಾದ ಸೋಲು ನೋಡಬೇಕಿದ್ದರೆ ಈಡನ್ ಹಜಾರ್ ಇದ್ದಾರೆ: 2019ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಬಂದು 76 ಪಂದ್ಯ, 7 ಗೋಲು. ಮರುಮಾರಾಟಕ್ಕೂ ದಾರಿ ಉಳಿಯಲಿಲ್ಲ.

ಐಎಸ್‌ಎಲ್‌ನಲ್ಲಿ ಮೊತ್ತ ಹೊರಬೀಳುವುದೇ ಅಪರೂಪ, ಹಾಗಾಗಿ ಕರಾರಿನ ಮೇಲೆ ಕಣ್ಣಿಡಿ. ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಮುಂಗಡ ಒಪ್ಪಂದ ಮಾಡಿಕೊಳ್ಳಬಹುದು, ಹಳೆಯ ಕ್ಲಬ್‌ಗೆ ಬಿಡಿಗಾಸೂ ಸಿಗದು. ಬೂಮೂಸ್ ವಿಷಯದಲ್ಲಿ ಮುಂಬೈ ರಿಲೀಸ್ ಕ್ಲಾಸ್ (ಕರಾರಿನಲ್ಲೇ ಬರೆದ ಬಿಡುಗಡೆ ಮೊತ್ತ) ಕಟ್ಟಿ ಕರೆತಂದು, ಒಂದೇ ಸೀಸನ್‌ನಲ್ಲಿ ಶೀಲ್ಡ್ (ಅಂಕಪಟ್ಟಿಯ ಮೊದಲ ಸ್ಥಾನಕ್ಕೆ) ಮತ್ತು ಕಪ್ (ಫೈನಲ್ ಗೆದ್ದವರಿಗೆ) ಎರಡನ್ನೂ ಗೆದ್ದು, ಮುಂದಿನ ವರ್ಷ ಎಟಿಕೆ ಮೋಹನ್ ಬಗಾನ್‌ಗೆ ಮಾರಿತು. ಇದಕ್ಕಿಂತ ಅಚ್ಚುಕಟ್ಟಾದ ವ್ಯವಹಾರ ನಮ್ಮ ಲೀಗಿನಲ್ಲಿ ಕಡಿಮೆ.

ಇನ್ನೊಂದು: ಟ್ರಾನ್ಸ್‌ಫರ್‌ಮಾರ್ಕ್ಟ್ ಎಂಬ ವೆಬ್‌ಸೈಟಿನಲ್ಲಿ ಕಾಣುವ ಮಾರುಕಟ್ಟೆ ಮೌಲ್ಯ ಒಂದು ಅಂದಾಜು, ಯಾರೋ ಕೊಟ್ಟ ದುಡ್ಡಲ್ಲ. ಅದನ್ನು ಲಾಭ-ನಷ್ಟಕ್ಕೆ ಸೇರಿಸಲೇಬೇಡಿ.

ಮಡಗಾಂವ್ ಫತೋರ್ಡಾ:
ಅವಸರ ಮಾಡಬೇಡಿ ಅನ್ನೋದು ನನ್ನ ಮಾತು. ವಿಂಗರ್ ಛಾಂಗ್ಟೆ ಮುಂಬೈಗೆ ಬಂದದ್ದು 2022ರ ಜನವರಿಯಲ್ಲಿ. ಲೀಗಿನಲ್ಲಿ 10 ಗೋಲು ಬಂದದ್ದು 2022-23ರಲ್ಲಿ. ಮೇ ತಿಂಗಳಲ್ಲೇ ಷರಾ ಬರೆದಿದ್ದರೆ ತಪ್ಪಾಗುತ್ತಿತ್ತು. ಎರಡು ವಿಂಡೋ ದಾಟಲಿ.

ಇನ್ನು ಮೂಲ ಪ್ರಶ್ನೆ. ಆಂಗುಲೊ ಬಂದಾಗ ವಯಸ್ಸು 36. ಆ ವಯಸ್ಸಿನವನನ್ನು ಯಾರೂ ಮರುಮಾರಾಟಕ್ಕೆ ತರುವುದಿಲ್ಲ, ಒಂದು ಸೀಸನ್ ಗೋಲಿಗಾಗಿ ತರುತ್ತಾರೆ. ಗೋಲು ಬಂತು, ಗೋವಾ ಸೆಮಿಫೈನಲ್‌ವರೆಗೆ ಹೋಗಿ ಮುಂಬೈ ಎದುರು ಪೆನಾಲ್ಟಿಯಲ್ಲಷ್ಟೇ ಸೋತಿತು. ಆ ಖರೀದಿ ಗೆದ್ದಂತೆಯೇ. ಸೋತದ್ದು ಅದರ ಮರುವರ್ಷ: ಅವನ ಜಾಗ ಸರಿಯಾಗಿ ತುಂಬಲಿಲ್ಲ, 2021-22ರಲ್ಲಿ ಗೋವಾ ಒಂಬತ್ತನೇ ಸ್ಥಾನಕ್ಕೆ ಕುಸಿಯಿತು. ಮುಂಬೈಯಲ್ಲೂ ಆಂಗುಲೊ 10 ಹೊಡೆದ, ಆದರೂ ತಂಡ ಐದನೆಯದಾಗಿ ಪ್ಲೇಆಫ್‌ನಿಂದ ಹೊರಗುಳಿಯಿತು. ಹಾಗಾಗಿ ಆಟಗಾರನಿಗೊಂದು ಕಾಲಂ, ಕ್ಲಬ್ಬಿನ ಯೋಜನೆಗೆ ಇನ್ನೊಂದು ಕಾಲಂ ಹಾಕಿ. ನೋವಾ ಸದೌಯಿ ಗೋವಾಕ್ಕೆ ಎರಡು ಸೀಸನ್ ಆಡಿ 2024ರಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಹೋದದ್ದನ್ನೂ ಹೀಗೇ ನೋಡಿ: ಮೊದಲ ಕಾಲಂ ತುಂಬಾ ಅಂಕ, ಎರಡನೆಯದರಲ್ಲಿ ಕರಾರು ಮೊದಲೇ ಯಾಕೆ ಮುಂದುವರಿಸಲಿಲ್ಲ ಎಂಬ ಪ್ರಶ್ನೆ.

ವಾಸ್ಕೋ ಬೈನಾ:
ಎರಡು ಕಾಲಂ ಬರೋಬ್ಬರಿ ಐತ್ರಿ. ಫಾಲ್, ಜಾಹು ಇಬ್ಬರದೂ ಕರಾರಿನ ಅವಧಿ ಹುಡುಕಿ ಇಲ್ಲೇ ಹಾಕ್ತೀನಿ, ಮಾಟುಂಗಾದವ್ರು ನಿಮಿಷ ಕೂಡಿಸಿ ಕೊಡ್ರಿ.