ಪದಚರ್ಚೆ: ‘ಪ್ಯಾನ್ ಔಟ್’ ಅಂದರೇನು, ಎಲ್ಲಿಂದ ಬಂತು?

ಪ್ರಶ್ನೆ: ‘ದ ಡೀಲ್ ಡಿಡಂಟ್ ಪ್ಯಾನ್ ಔಟ್’ ಎಂಬ ವಾಕ್ಯವನ್ನು ಕನ್ನಡಕ್ಕೆ ತರಬೇಕಿದೆ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ ಎನ್ನುವ ಗಾದೆಗೂ ಇದಕ್ಕೂ ನಂಟಿದೆಯೇ? ತಿಳಿದವರು ಹೇಳಿ.

ಉತ್ತರ: ‘ಪ್ಯಾನ್ ಔಟ್’ ಅಂದರೆ ಕೈಗೂಡುವುದು. ಅಡುಗೆಮನೆಯ ಬಾಣಲೆಗೂ ಇದಕ್ಕೂ ನಂಟಿಲ್ಲ. ಇಲ್ಲಿನ ‘ಪ್ಯಾನ್’ ಎಂದರೆ ಚಿನ್ನ ತೊಳೆಯುವ ತಟ್ಟೆ. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೊಲೋಮಾದಲ್ಲಿ, ಸಟರ್ ಎಂಬಾತನ ಮರದ ಮಿಲ್ಲಿನ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್‌ಗೆ ಚಿನ್ನದ ಚೂರು ಸಿಕ್ಕಿತು. ಮರುವರ್ಷ ಜನ ಮುಗಿಬಿದ್ದರು. ಗಣಿಯ ಮಾತು ಊರಮಾತಾದದ್ದು ಆ ನೂಕುನುಗ್ಗಲಿನಲ್ಲಿ.

ಅಗಲ ಬಾಯಿಯ, ಓರೆ ಅಂಚಿನ ತಟ್ಟೆಗೆ ಹೊಳೆಯ ಮಣ್ಣು ಮುಕ್ಕಾಲು ತುಂಬಿ ನೀರಿನಲ್ಲಿ ಮುಳುಗಿಸುತ್ತಾರೆ. ಮೊದಲ ಕೆಲಸ ಜೇಡಿಯ ಹೆಂಟೆಗಳನ್ನು ಕೈಯಲ್ಲಿ ಹಿಸುಕಿ ಕರಗಿಸುವುದು. ಹೆಂಟೆ ಉಳಿದರೆ ಒಳಗಿನ ಚಿನ್ನವೂ ಅದರ ಜೊತೆ ಹೊರಟುಹೋಗುತ್ತದೆ. ಕಲ್ಲುಗಳನ್ನು ತೊಳೆದು ಎಸೆದು, ತಟ್ಟೆಯನ್ನು ಮಟ್ಟವಾಗಿ ಹಿಡಿದು ಅತ್ತಿತ್ತ ಅಲುಗಿಸಬೇಕು. ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರ, ಬಿಳಿಗಲ್ಲಿನ ಮರಳು ಎರಡೂವರೆ ಪಟ್ಟು ಚಿಲ್ಲರೆ, ಹಾಗಾಗಿ ಚಿನ್ನ ತಳ ಸೇರುತ್ತದೆ. ಆಮೇಲೆ ತಟ್ಟೆ ಓರೆಮಾಡಿ ಮೇಲಿನ ಮರಳನ್ನು ನೀರಿಗೆ ಬಿಡುವುದು. ಅಲುಗಿಸುವ ಮುಂಚೆಯೇ ಓರೆ ಮಾಡಿದರೆ ಕೆಲಸ ಕೆಟ್ಟ ಹಾಗೆ. ತಟ್ಟೆಗೆ ಎಣ್ಣೆ ಜಿಡ್ಡು ಇದ್ದರೂ ಕಷ್ಟವೇ: ನವಿರಾದ ಪುಡಿ ನೀರಿನ ಮೇಲೆ ತೇಲಿ ಹೋಗುತ್ತದೆ. ಅದಕ್ಕೇ ಹೊಸ ಕಬ್ಬಿಣದ ತಟ್ಟೆಯನ್ನು ಮೊದಲು ಬೆಂಕಿಯಲ್ಲಿ ಕಾಯಿಸಿ ಜಿಡ್ಡು ಸುಡುವುದು. ಕೊನೆಗೆ ತಳದಲ್ಲಿ ಕಬ್ಬಿಣದ ಅಂಶದ ಕಪ್ಪು ಮರಳು, ಅದೃಷ್ಟವಿದ್ದರೆ ಅಂಚಿನಲ್ಲಿ ಹಳದಿ ಗೆರೆ.

ಇದು ನಮಗೆ ಹೊಸದೇನಲ್ಲ. ಅಕ್ಕಿ ಜಾಲಿಸುವುದೂ ಇದೇ ಲೆಕ್ಕ, ಅಲ್ಲಿ ತಳದ ಕಲ್ಲು ಬೇಡ, ಇಲ್ಲಿ ತಳದ್ದೇ ಬೇಕು. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ಜಾಲಿಸಿ ಚಿನ್ನದ ಪುಡಿ ತೆಗೆಯುತ್ತಿದ್ದವರಿಗೆ ಜಾಲಗಾರರೆಂದೇ ಹೆಸರು. (ಕೋಲಾರದ್ದು ಬೇರೆ ಕಥೆ, ಅದು ಆಳದ ಕಲ್ಲು ಒಡೆಯುತ್ತಿದ್ದ ಗಣಿ.)

ಮೊದಮೊದಲು ‘ಈ ಮಣ್ಣು ಚೆನ್ನಾಗಿ ಪ್ಯಾನ್ಸ್ ಔಟ್’ ಎಂದರೆ ಚಿನ್ನ ಬಂತು ಎಂದಷ್ಟೇ ಅರ್ಥ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಯಾವ ಕೆಲಸಕ್ಕಾದರೂ ಸಲ್ಲತೊಡಗಿತು. ಇಂದು ಹೆಚ್ಚಾಗಿ ಕೇಳಿಬರುವುದು ‘ಆಗಲಿಲ್ಲ’ ಎನ್ನುವ ನಿಷೇಧ ರೂಪದಲ್ಲಿ, ಇಲ್ಲವೇ ‘ಸೀ ಹೌ ಇಟ್ ಪ್ಯಾನ್ಸ್ ಔಟ್’ ಎಂಬ ಕಾದುನೋಡುವ ಮಾತಿನಲ್ಲಿ.

ಬಳಕೆಯಲ್ಲಿ ಎಡವುವುದು ಇಲ್ಲಿ: ಈ ಅರ್ಥದಲ್ಲಿ ಇದಕ್ಕೆ ಕರ್ಮಪದವಿಲ್ಲ. ‘ವಿ ವರ್ಕ್ಡ್ ಔಟ್ ಎ ಪ್ಲ್ಯಾನ್’ ಸರಿ, ‘ವಿ ಪ್ಯಾನ್ಡ್ ಔಟ್ ಎ ಪ್ಲ್ಯಾನ್’ ತಪ್ಪು. ಪ್ಲ್ಯಾನು ತಾನಾಗಿಯೇ ‘ಪ್ಯಾನ್ಸ್ ಔಟ್’ ಆಗಬೇಕು. ‘ಟರ್ನ್ಡ್ ಔಟ್ ಟು ಬಿ’ ಎನ್ನುವಂತೆ ‘ಪ್ಯಾನ್ಡ್ ಔಟ್ ಟು ಬಿ’ ಎಂದೂ ಹೇಳುವುದಿಲ್ಲ. ಕಚೇರಿಯ ಮೇಲ್‌ಗೆ ನಡೆಯುತ್ತದೆ, ಕರಾರುಪತ್ರಕ್ಕೆ ಬೇಡ.

‘ಫ್ಲ್ಯಾಶ್ ಇನ್ ದ ಪ್ಯಾನ್’ ಅನ್ನೂ ಚಿನ್ನದ ತಟ್ಟೆಗೆ ಗಂಟುಹಾಕುವವರಿದ್ದಾರೆ. ಅದು ಹಳೆಯ ಬಂದೂಕಿನ ಮಾತು: ಪಕ್ಕದ ಬಟ್ಟಲಿನ ಮದ್ದು ಭಗ್ಗೆಂದರೂ ಗುಂಡು ಹಾರದಿದ್ದರೆ ಹಾಗೆನ್ನುತ್ತಿದ್ದರು. ಕ್ಯಾಮೆರಾದ ‘ಪ್ಯಾನ್’ ಬಂದದ್ದು ಪನೋರಮಾದಿಂದ.

ಇನ್ನು ನಿಮ್ಮ ವಾಕ್ಯ. ‘ವ್ಯವಹಾರ ಕುದುರಲಿಲ್ಲ’ ಎಂದರೆ ಮುಗಿಯಿತು. ಯೋಜನೆಯಾದರೆ ‘ಕೈಗೂಡಲಿಲ್ಲ’, ದುಡ್ಡಿನ ಲಾಭದ ಮಾತಾದರೆ ‘ಏನೂ ಗಿಟ್ಟಲಿಲ್ಲ’. ‘ಫಲಪ್ರದವಾಗಲಿಲ್ಲ’ ಎಂದು ಬರೆದರೆ ಅರ್ಥ ಕೆಡುವುದಿಲ್ಲ, ಆದರೆ ಮೂಲದ ಆಡುಮಾತಿನ ಹದ ಹೋಗಿ ಸರ್ಕಾರಿ ಟಿಪ್ಪಣಿಯ ವಾಸನೆ ಬರುತ್ತದೆ.