ಟ್ರಿಬ್ಯೂನಲ್‌ನಲ್ಲಿ ಇನ್ನೊಂದು ಯೂನಿಯನ್ ಗೆದ್ದಿದೆ. ಹೈಕೋರ್ಟಿಗೆ ಹೋದರೆ ಮತ್ತೆ ಮೊದಲಿಂದ ಕೇಳ್ತಾರಾ?

ಪ್ರಶ್ನೆ: ಹಮಾಲರ ಖಜಾಂಚಿ, ಕಾರವಾರ

ನಮಸ್ಕಾರ ಎಲ್ಲರಿಗೂ. ಕಾರವಾರದ ಹತ್ತಿರ ಒಂದು ಸರಕು ಯಾರ್ಡಿನಲ್ಲಿ ನನ್ನ ಕೆಲಸ. ಕಂಪನಿ ಹೆಸರು ಬೇಡ. ಯೂನಿಯನ್‌ಗಳ ಹೆಸರೂ ಬೇಡ. ಊರು ಸಣ್ಣದು, ಸಂಜೆ ಮೀನು ಪೇಟೆಗೆ ಹೋದರೆ ಅವರೂ ಅಲ್ಲೇ, ನಾವೂ ಅಲ್ಲೇ.

ನಮ್ಮಲ್ಲಿ ಎರಡು ಯೂನಿಯನ್. ಒಂದು ಹಮಾಲರದ್ದು, ನಾನು ಅದರ ಖಜಾಂಚಿ. ಇನ್ನೊಂದು ಡ್ರೈವರ್‌ಗಳದ್ದು. ಮೊದಲು ಲಾರಿ ತುಂಬುವುದು ಪೂರ್ತಿ ಕೈಕೆಲಸ. ಆಮೇಲೆ ಕಂಪನಿ ಪೇಲೋಡರ್ ತಂತು, ರಾಶಿಯಿಂದ ಸರಕು ಎತ್ತಿ ಲಾರಿಗೆ ತುಂಬುವ ಮೆಷಿನ್. ರಾಶಿ ಮೇಲಿನ ಕೆಲಸ ನಮ್ಮದು, ನಮ್ಮ ಹುಡುಗರಿಗೇ ಮೆಷಿನ್ ಕಲಿಸಿ ಎಂದೆವು. ಸ್ಟೀರಿಂಗ್ ಇರುವುದೆಲ್ಲ ನಮ್ಮದು ಎಂದರು ಅವರು. ಜಗಳ ಜೋರಾಗಿ ಕೆಲಸ ನಿಂತಿತು. ಲೇಬರ್ ಆಫೀಸಿನಲ್ಲಿ ಮಾತುಕತೆ ಮುರಿದು, ಸರ್ಕಾರ ವಿಷಯವನ್ನು ಇಂಡಸ್ಟ್ರಿಯಲ್ ಟ್ರಿಬ್ಯೂನಲ್‌ಗೆ ಕಳಿಸಿತು. ಎಲ್ಲ ಹಳೆ ಕಾಯ್ದೆ ಇದ್ದಾಗಲೇ ಆದದ್ದು. ಕಳೆದ ವರ್ಷ ಚೌತಿ ಹೊತ್ತಿಗೆ ಅವಾರ್ಡ್, ಅಂದ್ರೆ ಟ್ರಿಬ್ಯೂನಲ್‌ನ ತೀರ್ಪು, ಬಂತು. ಮೆಷಿನ್ ಕೆಲಸ ಡ್ರೈವರ್‌ಗಳಿಗೆ. ನಮಗೆ ಚೀಲ ಹೊರುವುದು, ಉದುರಿದ್ದನ್ನು ಗುಡಿಸುವುದು.

ನಮ್ಮವರ ಸಿಟ್ಟು ಏನಂದ್ರೆ, ನಮ್ಮ ಹಳೇ ಮೇಸ್ತ್ರಿ ಕಟಕಟೆಗೆ ಬಂದು ಅಷ್ಟು ಚೆನ್ನಾಗಿ ಹೇಳಿದರೂ ಟ್ರಿಬ್ಯೂನಲ್ ನಂಬಲಿಲ್ಲ. ಅವರ ಕಡೆಯ ಹುಡುಗನ ಮಾತು ನಂಬಿತು. ಎರಡನೆಯದು, ಅವರ ಸದಸ್ಯರ ಪಟ್ಟಿಯಲ್ಲಿ ಇರುವ ಎಷ್ಟೋ ಜನ ನಮ್ಮಲ್ಲೂ ಚಂದಾ ಕಟ್ಟಿದವರು. ರಸೀದಿ ಪುಸ್ತಕ ನನ್ನ ಹತ್ತಿರವೇ ಇದೆ, ಆದರೆ ಆಗ ಹಾಜರು ಮಾಡಲಿಲ್ಲ. ಮತ್ತೆ ಎಲ್ಲ ವಾದ ಮುಗಿದ ಮೇಲೆ ಕಂಪನಿಯವರು ಒಂದು ಲಾಗ್‌ಬುಕ್ ಕೊಟ್ಟಿದ್ದಾರಂತೆ. ನಮಗೆ ಗೊತ್ತಾದದ್ದೇ ಅವಾರ್ಡ್ ಓದುವಾಗ. ಅದು ಇರಲಿ.

ಈಗ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗೋಣ ಅಂತ ಎಲ್ಲರೂ ಕುಣಿಯುತ್ತಿದ್ದಾರೆ. ಮೇಸ್ತ್ರಿಯನ್ನು ಹೈಕೋರ್ಟಿನಲ್ಲಿ ಮತ್ತೆ ನಿಲ್ಲಿಸಬಹುದಾ? ರಸೀದಿ ಈಗ ಕೊಡಬಹುದಾ? ಒಬ್ಬರು ಹೇಳುತ್ತಾರೆ, ಅವಾರ್ಡ್ ಅಂದ್ರೆ ಫೈನಲ್, ಯಾವ ಕೋರ್ಟೂ ಮುಟ್ಟುವಂತಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ ಅಂತೆ. ನಿಜವಾ?

ಉತ್ತರ: ಶಿರಸಿ ಮೂಲದ ವಕೀಲೆ, ಧಾರವಾಡ

ಖಜಾಂಚಿಯವರೇ, "ಅದು ಇರಲಿ" ಅಂತ ದಾಟಿಸಿದಿರಲ್ಲ, ನಿಮ್ಮ ಕೇಸು ಇರುವುದೇ ಅಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಕಾಯ್ದೆಯಲ್ಲಿ ಹಾಗೆ ಬರೆದಿರುವುದು ನಿಜ. ನೀವು ಹೇಳಿದ ಹಳೆ ಕಾಯ್ದೆ, ಅಂದರೆ 1947ರ ಕೈಗಾರಿಕಾ ವಿವಾದ ಕಾಯ್ದೆಯ 17ನೇ ಸೆಕ್ಷನ್ ಓದಿದರೆ ಪ್ರಕಟವಾದ ಅವಾರ್ಡನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ. ಅದರ ಮೇಲೆ ಅಪೀಲೂ ಇಲ್ಲ. ಆದರೆ ಹೈಕೋರ್ಟಿನ ಅಧಿಕಾರ ಸಂವಿಧಾನದ 226 ಮತ್ತು 227ನೇ ವಿಧಿಯಿಂದ ಬಂದದ್ದು. ಒಂದು ಕಾಯ್ದೆ ಅದನ್ನು ಕಿತ್ತುಕೊಳ್ಳಲು ಆಗುವುದಿಲ್ಲ. 1997ರ ಎಲ್. ಚಂದ್ರಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಂವಿಧಾನದ ಮೂಲ ರಚನೆಯ ಭಾಗ ಎಂದೇ ಹೇಳಿದೆ. ಹಾಗಾಗಿ ಬಾಗಿಲು ತೆರೆದಿದೆ. ಉತ್ತರ ಕನ್ನಡದವರಿಗೆ ಬೆಂಗಳೂರಿನವರೆಗೆ ಹೋಗುವ ಕಷ್ಟವೂ ಇಲ್ಲ. ಧಾರವಾಡ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಯಿತು, 2013ರಿಂದ ಕಾಯಂ. ಅರಬೈಲ್ ಘಾಟಿ ಹತ್ತಿ ಯಲ್ಲಾಪುರದ ಮೇಲೆ ಬಂದರಾಯಿತು.

ಆದರೆ ಒಳಗೆ ಹೋದ ಮೇಲೆ ಏನು ಕೇಳುತ್ತಾರೆ ಅನ್ನುವುದು ಬೇರೆ ಮಾತು. ಈ ವಿಧಿಗಳ ಕೆಳಗೆ ಹಾಕುವ ರಿಟ್ ಅರ್ಜಿ ಅಂದ್ರೆ ಅಪೀಲಲ್ಲ. ನಮ್ಮ ಶಿರಸಿ ಲೆಕ್ಕದಲ್ಲಿ ಹೇಳಬೇಕೆಂದರೆ, ಅಡಿಕೆಯನ್ನು ಮತ್ತೆ ಹೆಕ್ಕಿ ಗ್ರೇಡ್ ಮಾಡಲು ಹೈಕೋರ್ಟ್ ಕೂರುವುದಿಲ್ಲ. ಟೆಂಡರ್ ನಿಯಮದಂತೆ ನಡೆಯಿತಾ ಅಂತ ಮಾತ್ರ ನೋಡುತ್ತದೆ. ಎಲ್ಲರೂ ಉಲ್ಲೇಖಿಸುವುದು ಸುಪ್ರೀಂ ಕೋರ್ಟಿನ 1963ರ ಸಯ್ಯದ್ ಯಾಕೂಬ್ ತೀರ್ಪನ್ನು. ಟ್ರಿಬ್ಯೂನಲ್ ತನ್ನ ಅಧಿಕಾರ ಮೀರಿತಾ, ನಿಮ್ಮ ಮಾತು ಕೇಳದೆ ತೀರ್ಮಾನಿಸಿತಾ, ಕಡತ ನೋಡಿದ ಕೂಡಲೇ ಕಾಣುವಂಥ ಕಾನೂನಿನ ತಪ್ಪು ಇದೆಯಾ, ಸಾಕ್ಷ್ಯವೇ ಇಲ್ಲದೆ ಒಂದು ಸಂಗತಿ ನಿಜ ಎಂದಿತಾ. ಇಷ್ಟು. ಸಾಕ್ಷ್ಯ ಕಡಿಮೆ ಇತ್ತು, ಬೇರೆ ಜಡ್ಜ್ ಆಗಿದ್ದರೆ ಬೇರೆ ಥರ ಹೇಳುತ್ತಿದ್ದರು ಅನ್ನುವ ವಾದ ನಡೆಯುವುದಿಲ್ಲ.

ಹಾಗೆ ನೋಡಿದರೆ ಮೇಸ್ತ್ರಿಯವರ ವಿಷಯ ಬಿಟ್ಟುಬಿಡಿ. ಯಾರ ಮಾತು ನಂಬಬೇಕು ಅನ್ನುವುದು ಟ್ರಿಬ್ಯೂನಲ್‌ನ ಕೆಲಸ. ಎದುರು ಕೂತು ಕೇಳಿದ್ದು ಅದೇ. ಹೈಕೋರ್ಟಿನಲ್ಲಿ ಅವರನ್ನು ನಿಲ್ಲಿಸಲು ಕಟಕಟೆಯೂ ಸಿಗುವುದಿಲ್ಲ, ರಿಟ್ ನಡೆಯುವುದು ಅಫಿಡವಿಟ್ ಮತ್ತು ಕಡತದ ಮೇಲೆ. ರಸೀದಿ ಪುಸ್ತಕವೂ ಅಷ್ಟೇ. ಅಲ್ಲಿ ಕೊಡದೆ ಇಲ್ಲಿ ತಂದರೆ ಮೊದಲ ಪ್ರಶ್ನೆ "ಆಗ ಯಾಕೆ ಕೊಡಲಿಲ್ಲ?" ಅಂತ. ಇನ್ನೊಂದು ವಿಚಾರ, ನಿಮ್ಮ ರೆಫರೆನ್ಸ್, ಅಂದರೆ ಸರ್ಕಾರ ಟ್ರಿಬ್ಯೂನಲ್‌ಗೆ ಕಳಿಸಿದ ಪ್ರಶ್ನೆ, ಇರುವುದು ಮೆಷಿನ್ ಕೆಲಸ ಯಾರಿಗೆ ಎಂದು. ಯಾವ ಯೂನಿಯನ್ನಿಗೆ ಜಾಸ್ತಿ ಜನ ಎಂದಲ್ಲ. ಹಾಗಿದ್ದಾಗ ರಸೀದಿಯಿಂದ ಏನು ಸಾಬೀತಾಗುತ್ತದೆ?

ಲಾಗ್‌ಬುಕ್ ಹಾಗಲ್ಲ. ವಾದ ಮುಗಿದ ಮೇಲೆ ಒಬ್ಬರ ಕೈಯಿಂದ ದಾಖಲೆ ತೆಗೆದುಕೊಂಡು, ಇನ್ನೊಬ್ಬರಿಗೆ ತೋರಿಸದೆ, ಪಾಟೀಸವಾಲಿಗೆ ಬಿಡದೆ, ಅದರ ಮೇಲೆ ತೀರ್ಪು ನಿಂತಿದ್ದರೆ ಅದು ಸಹಜ ನ್ಯಾಯಕ್ಕೇ ಪೆಟ್ಟು. ಆದರೆ ಹಾಗೆ ಆಯಿತು ಅಂದರೆ ಸಾಲದು. ಕೋರ್ಟ್ ಕೇಳುತ್ತದೆ, ತೋರಿಸಿದ್ದರೆ ಏನು ಕೇಳುತ್ತಿದ್ದಿರಿ ಅಂತ. ಅದಕ್ಕೆ ಈಗಲೇ ಕೂತು ಬರೆಯಿರಿ. ಆ ಪುಸ್ತಕದಲ್ಲಿ ದಿನಾ ಸಹಿ ಹಾಕಿದವರು ಯಾರು? ಮೆಷಿನ್ ಬಾಡಿಗೆಗೆ ಬಂದಿದ್ದ ತಿಂಗಳುಗಳಲ್ಲಿ ಓಡಿಸಿದ್ದು ಬಾಡಿಗೆಯವರ ಡ್ರೈವರಾ? ನಿಮ್ಮ ಹುಡುಗರು ಓಡಿಸಿದ ಪಾಳಿ ಅದರಲ್ಲಿ ಕಾಣುತ್ತದಾ? ಅರ್ಜಿಯಲ್ಲಿ ಇದು ಬಂದರೆ ತೂಕ ಬರುತ್ತದೆ.

ಗೆದ್ದರೂ ಮೆಷಿನ್ ಕೀಲಿ ಕೈಗೆ ಬರುವುದಿಲ್ಲ ಅನ್ನುವುದನ್ನು ಸದಸ್ಯರಿಗೆ ಮೊದಲೇ ಹೇಳಿ. ಬಹಳ ಸಲ ಆಗುವುದು ಏನೆಂದರೆ, ಅವಾರ್ಡ್ ರದ್ದು ಮಾಡಿ, ಸರಿಯಾಗಿ ವಿಚಾರಣೆ ಮಾಡಿ ಎಂದು ವಾಪಸ್ ಕಳಿಸುತ್ತಾರೆ. ಡ್ರೈವರ್ ಯೂನಿಯನ್ನನ್ನೂ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡಲೇಬೇಕು. ಕೆಲಸ ಕಳೆದುಕೊಳ್ಳುವವರನ್ನು ಬಿಟ್ಟು ಅರ್ಜಿ ಹಾಕಿದರೆ ಅದೇ ಒಂದು ಕೊರತೆ ಆಗುತ್ತದೆ. ರಿಟ್‌ಗೆ ಇಷ್ಟೇ ದಿನ ಎಂಬ ಗಡುವು ಇಲ್ಲ, ಆದರೆ ತಡಕ್ಕೆ ಕಾರಣ ಹೇಳಬೇಕು. ಚೌತಿಯಿಂದ ಇಲ್ಲಿಯವರೆಗೆ ಏನು ಮಾಡುತ್ತಿದ್ದಿರಿ?

ಉತ್ತರ: ದಾಂಡೇಲಿಯ ಹಳೇ ಯೂನಿಯನ್ ಕಾರ್ಯದರ್ಶಿ

ಮೇಡಂ ಕಾನೂನು ಸರಿಯಾಗಿ ಹೇಳಿದ್ದಾರೆ. ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ ಮಾರಾಯ.

ನಿಮ್ಮ ಕೇಸು ಧಾರವಾಡಕ್ಕೆ ಹೋಗಿ, ಅಲ್ಲಿಂದ ಮತ್ತೆ ಟ್ರಿಬ್ಯೂನಲ್‌ಗೆ ಬಂದು, ಸೋತವರು ಮತ್ತೆ ಧಾರವಾಡಕ್ಕೆ ಹೋಗುವ ಹೊತ್ತಿಗೆ ಕಂಪನಿ ಎರಡನೇ ಪೇಲೋಡರ್ ತಂದಿರುತ್ತದೆ. ಅದನ್ನು ಓಡಿಸುವುದು ಕಾಂಟ್ರಾಕ್ಟರ್‌ನ ಜನ. ನಿಮ್ಮವರೂ ಅಲ್ಲ, ಡ್ರೈವರ್ ಯೂನಿಯನ್ನಿನವರೂ ಅಲ್ಲ. ಎರಡು ಯೂನಿಯನ್ ಕೋರ್ಟಿನಲ್ಲಿ ಇದ್ದಷ್ಟು ದಿನ ಮ್ಯಾನೇಜ್‌ಮೆಂಟಿಗೆ ಹಬ್ಬ.

ಆ ಅವಾರ್ಡ್ ನಿಮ್ಮ ಯೂನಿಯನ್ನಿಗೆ ಮಾತ್ರ ಅಲ್ಲ, ಮುಂದೆ ಸೇರುವ ಹೊಸ ಹುಡುಗರನ್ನೂ ಕಟ್ಟುತ್ತದೆ, ಹಳೆ ಕಾಯ್ದೆಯ 18ನೇ ಸೆಕ್ಷನ್ ಹಾಗೇ ಇತ್ತು. ಆದರೆ ಲೇಬರ್ ಆಫೀಸರ್ ಎದುರು ಸಂಧಾನದಲ್ಲಿ ಆಗುವ ಒಪ್ಪಂದಕ್ಕೂ ಅಷ್ಟೇ ಬಲ. ಎರಡೂ ಯೂನಿಯನ್ ಒಟ್ಟಿಗೆ ಕೂತು, ಹಗಲು ಪಾಳಿ ಅವರಿಗೆ, ರಾತ್ರಿ ಪಾಳಿಯಲ್ಲಿ ತರಬೇತಿ ಪಡೆದ ಹಮಾಲರು ಎಂದು ಬರೆಸಿಕೊಳ್ಳಿ. ಸುಮ್ನೆ ಕಂಪನಿ ಆಫೀಸಿನಲ್ಲಿ ಬಿಳಿ ಹಾಳೆ ಮೇಲೆ ಸಹಿ ಮಾಡಬೇಡಿ, ಅದು ಸಹಿ ಹಾಕಿದವರನ್ನು ಮಾತ್ರ ಕಟ್ಟುತ್ತದೆ. ಅಧಿಕಾರಿ ಎದುರೇ ಆಗಲಿ.

ಉತ್ತರ: ಕುಮಟಾದವಳು, ಈಗ ಕ್ಯಾಲಿಫೋರ್ನಿಯಾದಲ್ಲಿ

ನಾನು ವಕೀಲೆ ಅಲ್ಲ, ಇಲ್ಲಿನ ಬಂದರು ಕಚೇರಿಯಲ್ಲಿ ಲೆಕ್ಕಪತ್ರ ನೋಡುವವಳು. ಇಲ್ಲೂ ಇದೇ ಜಗಳ ಮೊದಲಿಂದ ಇದೆ, ಅದೂ ಹಡಗು ಹಮಾಲರದ್ದೇ.

1938ರಲ್ಲಿ ಅಮೆರಿಕದ ಕಾರ್ಮಿಕ ಮಂಡಳಿ ಪೆಸಿಫಿಕ್ ಕರಾವಳಿಯ ಎಲ್ಲ ಬಂದರುಗಳನ್ನೂ ಒಂದೇ ಘಟಕ ಎಂದು ಲೆಕ್ಕ ಹಾಕಿ, ಹಮಾಲರ ನಾಯಕ ಹ್ಯಾರಿ ಬ್ರಿಡ್ಜಸ್ ಅವರ ಯೂನಿಯನ್ನಿಗೆ ಪ್ರಾತಿನಿಧ್ಯ, ಅಂದರೆ ಎಲ್ಲರ ಪರವಾಗಿ ಮಾತಾಡುವ ಹಕ್ಕು, ಕೊಟ್ಟಿತು. ಟಕೋಮಾದಂಥ ಕೆಲವು ಬಂದರುಗಳಲ್ಲಿ ಇನ್ನೊಂದು ಯೂನಿಯನ್ನಿಗೇ ಜನ ಜಾಸ್ತಿ ಇದ್ದರು. ಅವರು ಕೋರ್ಟಿಗೆ ಹೋದರು. 1940ರ ಜನವರಿಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತಾ? ಪ್ರಾತಿನಿಧ್ಯ ಪತ್ರ ಕೊಡುವುದು ಕಾಯ್ದೆಯ ಅರ್ಥದಲ್ಲಿ ಪ್ರಶ್ನಿಸಬಹುದಾದ ಆದೇಶವೇ ಅಲ್ಲ, ನೀವು ನೇರವಾಗಿ ಬರುವಂತಿಲ್ಲ ಎಂದಿತು. ಮಾಲೀಕರಿಗೆ ಒಂದು ಅಡ್ಡದಾರಿ ಇದೆ. ಮಾತುಕತೆಗೆ ಒಪ್ಪದೆ ಕೂತು, ಮಂಡಳಿ ಅದಕ್ಕೆ ಆದೇಶ ಕೊಟ್ಟಾಗ ಕೋರ್ಟಿಗೆ ಹೋಗಬಹುದು. ಸೋತ ಯೂನಿಯನ್ನಿಗೆ ಅದೂ ಇಲ್ಲ. ಮಂಡಳಿ ಕಾಯ್ದೆಯ ಸ್ಪಷ್ಟ ಮಾತನ್ನೇ ಮೀರಿದ್ದರೆ ಮಾತ್ರ ಬನ್ನಿ ಎಂದು 1958ರಲ್ಲಿ ಸಣ್ಣ ಕಿಂಡಿ ಬಿಟ್ಟರು.

ನಿಮ್ಮ ಮೆಷಿನ್ ಜಗಳಕ್ಕೆ ಹತ್ತಿರದ್ದು 1961ರದ್ದು. ಟಿವಿ ಕಾರ್ಯಕ್ರಮದ ದೀಪ ಹಚ್ಚುವ ಕೆಲಸ ಟೆಕ್ನಿಷಿಯನ್‌ಗಳದ್ದಾ, ರಂಗಸಜ್ಜಿಕೆಯವರದ್ದಾ ಅಂತ. ಯಾರಿಗೂ ಕಾನೂನಿನ ಹಕ್ಕಿಲ್ಲ ಎಂದು ಮಂಡಳಿ ಕೈ ತೊಳೆದುಕೊಂಡಿತ್ತು. ಹಾಗಾಗದು, ಕೆಲಸ ಯಾರಿಗೆ ಅಂತ ನೀವೇ ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಆ ತೀರ್ಮಾನವನ್ನೂ ನೇರವಾಗಿ ಪ್ರಶ್ನಿಸಲು ಬರುವುದಿಲ್ಲ. ಅದನ್ನು ನೋಡಿದರೆ ಸೋತವರಿಗೂ ಬಾಗಿಲು ತೆರೆದಿಟ್ಟ ನಮ್ಮ 226ನೇ ವಿಧಿಯೇ ವಾಸಿ ಅನಿಸುತ್ತದೆ ನನಗೆ.

ಪ್ರಶ್ನೆ ಕೇಳಿದವರು: ಹಮಾಲರ ಖಜಾಂಚಿ, ಕಾರವಾರ

ಮೇಡಂ, ಅಣ್ಣ, ಅಕ್ಕ, ಎಲ್ಲರಿಗೂ ಧನ್ಯವಾದ. ದಾಂಡೇಲಿ ಅಣ್ಣ ಹೇಳಿದ್ದು ಮನಸ್ಸಿಗೆ ನಾಟಿತು. ಆದರೆ ಈಗ ನಾವಾಗಿ ಮಾತಿಗೆ ಹೋದರೆ ಸೋತು ಬಂದವರು ಅಂತಲೇ ನೋಡುತ್ತಾರೆ. ಗೆದ್ದವರು ಅರ್ಧ ಪಾಳಿ ಯಾಕೆ ಬಿಟ್ಟುಕೊಡುತ್ತಾರೆ?

ತಡಕ್ಕೆ ಕಾರಣ ದುಡ್ಡು, ಮೇಡಂ. ಟ್ರಿಬ್ಯೂನಲ್‌ನಲ್ಲಿ ವಕೀಲರನ್ನು ಇಡಲು ಎದುರಿನವರು ಒಪ್ಪಲಿಲ್ಲ, ನಮ್ಮ ಅಧ್ಯಕ್ಷರೇ ವಾದ ಮಾಡಿದರು. ಈಗ ಫೀಗೆ ಚಂದಾ ಎತ್ತುತ್ತಾ ಇದ್ದೇವೆ, ಮೀಟಿಂಗ್ ಪುಸ್ತಕದಲ್ಲಿ ಎಲ್ಲ ಬರೆದಿದೆ. ಇನ್ನೊಂದು. ಹೊಸ ಕಾಯ್ದೆ ಬಂದಿದೆಯಲ್ಲ, ಅದರಲ್ಲಿ ಹೊಸದಾಗಿ ಅರ್ಜಿ ಹಾಕಿದರೆ ಆಗದಾ?

ಉತ್ತರ: ಶಿರಸಿ ಮೂಲದ ವಕೀಲೆ, ಧಾರವಾಡ

ಆ ಮೀಟಿಂಗ್ ಪುಸ್ತಕದ ಪುಟಗಳ ಪ್ರತಿ ಅರ್ಜಿಗೆ ಲಗತ್ತಿಸಿ. ತಡಕ್ಕೆ ಅದು ಒಳ್ಳೆಯ ವಿವರಣೆ.

ನೀವು ಹೇಳುವ ಹೊಸ ಕಾಯ್ದೆ, ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರದ್ದು, ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಯೂನಿಯನ್ ಯೂನಿಯನ್ ನಡುವಿನ ವಿವಾದವನ್ನು ನೇರವಾಗಿ ಟ್ರಿಬ್ಯೂನಲ್‌ಗೆ ಒಯ್ಯಲು ಅದರ 22ನೇ ಸೆಕ್ಷನ್ನಿನಲ್ಲಿ ದಾರಿ ಇದೆ. ಅಂಥ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಜಾಗ ಇಲ್ಲ. ಆದರೆ ಒಮ್ಮೆ ತೀರ್ಮಾನವಾದದ್ದನ್ನು ಹೊಸ ಬಾಗಿಲಿನಿಂದ ಒಳಗೆ ತಂದರೆ ಮೊದಲ ದಿನವೇ ಆಕ್ಷೇಪ ಬರುತ್ತದೆ.

ನಿಮ್ಮ ರಸೀದಿ ಪುಸ್ತಕಕ್ಕೆ ಮಾತ್ರ ಈ ಸಂಹಿತೆಯಲ್ಲಿ ಬೆಲೆ ಬಂದಿದೆ. ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ. 51ರಷ್ಟು ಬೆಂಬಲ ಇರುವ ಯೂನಿಯನ್ನಿಗೇ ಮಾತುಕತೆಯ ಹಕ್ಕು. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20ಕ್ಕಿಂತ ಕಡಿಮೆ ಇಲ್ಲದವರು ಸೇರಿ ಸಮಿತಿ. ಎರಡೂ ಕಡೆ ಚಂದಾ ಕಟ್ಟಿದವರು ಯಾರ ಲೆಕ್ಕಕ್ಕೆ ಎಂಬ ಜಗಳ ಅಲ್ಲಿ ಬಂದೇ ಬರುತ್ತದೆ. ದಾಂಡೇಲಿಯವರು ಹೇಳಿದ ಮಾತುಕತೆಗೂ ಆಗ ಬೇರೆ ಬಲ ಬರುತ್ತದೆ. ಗೆದ್ದವರು ಯಾಕೆ ಬಿಟ್ಟುಕೊಡುತ್ತಾರೆ ಎಂದಿರಲ್ಲ, ಅವರಿಗೂ ಶೇ. 51 ಇಲ್ಲದಿದ್ದರೆ ನಿಮ್ಮ ಜೊತೆ ಕೂರಲೇಬೇಕು. ಪುಸ್ತಕ ಜೋಪಾನ.

ಈಗ ಒಂದು ಕೆಲಸ ಮಾಡಿ. ಅವಾರ್ಡಿನ ಕೊನೆಯಲ್ಲಿ ದಾಖಲೆಗಳ ಪಟ್ಟಿ ಇರುತ್ತದೆ. ಲಾಗ್‌ಬುಕ್‌ಗೆ ಗುರುತಿನ ನಂಬರ್ ಕೊಟ್ಟಿದ್ದಾರಾ ನೋಡಿ.

ಪ್ರಶ್ನೆ ಕೇಳಿದವರು: ಹಮಾಲರ ಖಜಾಂಚಿ, ಕಾರವಾರ

ಈಗಷ್ಟೇ ನೋಡಿದೆ ಮೇಡಂ. ಕಂಪನಿಯ ದಾಖಲೆಗಳು ಎಂ-1ರಿಂದ ಎಂ-14ರವರೆಗೆ ಇವೆ. ಲಾಗ್‌ಬುಕ್ ಪಟ್ಟಿಯಲ್ಲೇ ಇಲ್ಲ, ತೀರ್ಪಿನ ಒಳಗೆ ಮಾತ್ರ ಎರಡು ಕಡೆ ಹೆಸರಿದೆ. ಡ್ರೈವರ್‌ಗಳಿಗೆ ಕೆಲಸ ಕೊಟ್ಟ ಪ್ಯಾರಾ ನಿಂತಿರುವುದೇ ಅದರ ಮೇಲೆ.

ಉತ್ತರ: ಶಿರಸಿ ಮೂಲದ ವಕೀಲೆ, ಧಾರವಾಡ

ಹಾಗಾದರೆ ಇಡೀ ಕಡತದ ದೃಢೀಕೃತ ಪ್ರತಿಗೆ ನಾಳೆಯೇ ಅರ್ಜಿ ಹಾಕಿ. ಟ್ರಿಬ್ಯೂನಲ್ ದಿನದಿನದ ನಡಾವಳಿ ಬರೆದಿಡುವ ದಿನಚರಿ ಹಾಳೆ ಬಿಡಬೇಡಿ, ಲಾಗ್‌ಬುಕ್ ಯಾವ ತಾರೀಕಿಗೆ ಒಳಗೆ ಬಂತು ಅಂತ ಗೊತ್ತಾಗುವುದು ಅದರಲ್ಲೇ. ಬರುವಾಗ ಅಧ್ಯಕ್ಷರನ್ನೂ ಕರೆದುಕೊಂಡು ಬನ್ನಿ, ಅಫಿಡವಿಟ್‌ಗೆ ಸಹಿ ಹಾಕಬೇಕಾದವರು ಅವರು. ಮೇಸ್ತ್ರಿ ಬರುವುದು ಬೇಡ.