ಬಾರ್ಡೆಟ್-ಬೀಡ್ಲ್ ಸಿಂಡ್ರೋಮ್: ಮಗುವಿನ ಅತಿಯಾದ ಬಾಯಾರಿಕೆ ಮತ್ತು ಕ್ರಿಯಾಟಿನಿನ್ 0.7

ಪ್ರಶ್ನೆ (ತಾಯಿ):
ನನ್ನ ಮಗನಿಗೆ ಆರು ವರ್ಷ, ಎತ್ತರ 110 ಸೆಂಟಿಮೀಟರ್. ಹುಟ್ಟಿದಾಗ ಎರಡೂ ಪಾದಗಳಲ್ಲಿ ಆರಾರು ಬೆರಳುಗಳಿದ್ದವು. ವರ್ಷ ತುಂಬಿದ ಮೇಲೆ ಅವನ್ನು ತೆಗೆಸಿ, ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆವು. ಈಗ ತೂಕ ಹೆಚ್ಚಿದೆ, ಮುಸ್ಸಂಜೆಯಲ್ಲಿ ತಡವರಿಸುತ್ತಾನೆ. ಕಳೆದ ತಿಂಗಳು ಜೀನ್ ಪರೀಕ್ಷೆಯಿಂದ ಬಾರ್ಡೆಟ್-ಬೀಡ್ಲ್ ಸಿಂಡ್ರೋಮ್ ಖಚಿತವಾಯಿತು; ಹೆಚ್ಚುವರಿ ಬೆರಳು, ತೂಕ, ಕಣ್ಣಿನ ತೊಂದರೆಗಳ ಜೊತೆ ಮೂತ್ರಪಿಂಡವನ್ನೂ ಬಾಧಿಸಬಲ್ಲ ಆನುವಂಶಿಕ ಕಾಯಿಲೆಯಂತೆ ಇದು. ರಾತ್ರಿ ನಾಲ್ಕೈದು ಸಲ ಎದ್ದು ನೀರು ಕುಡಿಯುತ್ತಾನೆ, ಹಾಸಿಗೆಯೂ ಒದ್ದೆಯಾಗುತ್ತದೆ. ಸಂಜೆಯ ನಂತರ ನೀರು ಕೊಡಬೇಡವೆಂದು ಅತ್ತೆಯವರು ಹೇಳುತ್ತಾರೆ. ನಾನು ಸೋದರಮಾವನನ್ನೇ ಮದುವೆಯಾಗಿರುವುದರಿಂದ ಅವರು ನನಗೆ ಅಜ್ಜಿಯೂ ಹೌದು. ಅವರ ಮಾತನ್ನು ಮೀರುವುದು ಕಷ್ಟ. ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ 0.7 ಇದ್ದು, ವರದಿಯಲ್ಲಿ ಸಹಜವೆಂದೇ ಇದೆ. ಮೂತ್ರಪಿಂಡ ತಜ್ಞರನ್ನು ಕಾಣಬೇಕೆ?

ಉತ್ತರ 1 (ಮಕ್ಕಳ ವೈದ್ಯರು):
ಖಂಡಿತ ಕಾಣಬೇಕು, ತಡಮಾಡಬೇಡಿ. ವರದಿಯಲ್ಲಿ ಅಚ್ಚಾಗುವ ಮಿತಿ ಹಲವು ಸಲ ವಯಸ್ಕರದಾಗಿರುತ್ತದೆ. ಮಕ್ಕಳಲ್ಲಿ ಎತ್ತರವನ್ನು 0.413ರಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸಿ ಮೂತ್ರಪಿಂಡದ ಸೋಸುವ ಶಕ್ತಿಯನ್ನು ಅಂದಾಜಿಸುತ್ತೇವೆ. ನಿಮ್ಮ ಮಗನಿಗೆ ಅದು ಸುಮಾರು 65 ಬರುತ್ತದೆ. ಈ ವಯಸ್ಸಿನಲ್ಲಿ 90ಕ್ಕಿಂತ ಹೆಚ್ಚಿರಬೇಕು. ಇದು ಅಂದಾಜು ಮಾತ್ರವಾದ್ದರಿಂದ ರಕ್ತಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಜೊತೆಗೆ ಹೊಟ್ಟೆಯ ಸ್ಕ್ಯಾನ್, ಮೂತ್ರಪರೀಕ್ಷೆ ಮತ್ತು ಮಗುವಿನ ತೋಳಿಗೆ ಹೊಂದುವ ಪಟ್ಟಿಯಿಂದ ರಕ್ತದೊತ್ತಡದ ಅಳತೆಯೂ ಆಗಲಿ.

ನೀರನ್ನು ಮಾತ್ರ ತಡೆಯಬೇಡಿ. ಈ ಸಿಂಡ್ರೋಮಿನಲ್ಲಿ ಮೂತ್ರವನ್ನು ಗಾಢಗೊಳಿಸುವ ಶಕ್ತಿಯೇ ಕುಂದಿರಬಹುದು; ಮಗು ನೀರು ಕುಡಿದದ್ದರಿಂದ ಮೂತ್ರ ಹೆಚ್ಚುವುದಲ್ಲ, ಮೂತ್ರದಲ್ಲಿ ನೀರು ಹೋಗಿಬಿಡುವುದರಿಂದ ಅದಕ್ಕೆ ಬಾಯಾರುತ್ತದೆ. ಅಜ್ಜಿಯವರಿಗೂ ಇದನ್ನು ಹೀಗೆಯೇ ತಿಳಿಸಿ. ತೂಕ ಹೆಚ್ಚಿರುವುದರಿಂದ ಸಕ್ಕರೆ ಕಾಯಿಲೆ ಇಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ. ಜ್ವರಕ್ಕೆ ಐಬುಪ್ರೊಫೇನ್ ಬೇಡ, ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು.

ಉತ್ತರ 2 (ಇನ್ನೊಬ್ಬ ತಂದೆ):
ನನ್ನ ಮಗಳಿಗೂ ಇದೇ ಸಮಸ್ಯೆ. ಒಮ್ಮೆ ವಾಂತಿಭೇದಿಯಾದಾಗ, ಮೂತ್ರ ಚೆನ್ನಾಗಿ ಬರುತ್ತಿದೆಯಲ್ಲ ಎಂದು ನಾವು ಸಮಾಧಾನದಿಂದಿದ್ದೆವು. ದೇಹ ಒಣಗುತ್ತಿದ್ದರೂ ಇಂಥ ಮಕ್ಕಳಿಗೆ ತಿಳಿಯಾದ ಮೂತ್ರ ಬರುತ್ತಲೇ ಇರಬಹುದೆಂಬುದು ಆಸ್ಪತ್ರೆ ಸೇರಿದ ಮೇಲಷ್ಟೇ ತಿಳಿಯಿತು. ಈಗ ಅವಳ ಶಾಲೆಗೆ ವೈದ್ಯರ ಪತ್ರ ಕೊಟ್ಟಿದ್ದೇವೆ. ನೀರಿನ ಬಾಟಲಿ ಸದಾ ಅವಳ ಬಳಿ ಇರುತ್ತದೆ, ಶೌಚಾಲಯಕ್ಕೆ ಕೇಳಿದ ತಕ್ಷಣ ಕಳುಹಿಸುತ್ತಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಮುಂದಿನ ಮಗುವಿಗೂ ಇದು ಬರಬಹುದೆ?

ಉತ್ತರ 1:
ತಂದೆತಾಯಿ ಇಬ್ಬರೂ ದೋಷವುಳ್ಳ ಜೀನಿನ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಇರುತ್ತದೆ. ಮಗನ ಜೀನ್ ವರದಿಯನ್ನು ಜೋಪಾನವಾಗಿಡಿ. ಗರ್ಭ ಧರಿಸುವ ಮೊದಲೇ ತಳಿಶಾಸ್ತ್ರ ತಜ್ಞರನ್ನು ಕಂಡರೆ, ಆ ವರದಿಯ ಆಧಾರದಿಂದ ಸುಮಾರು 11–13ನೇ ವಾರದಲ್ಲಿ ಭ್ರೂಣದ ಪರೀಕ್ಷೆ ಸಾಧ್ಯವಾಗುತ್ತದೆ.